ಅಳದ ಹುಡುಗಿಯ ಜಡೆ

ಹೆಣ್ಣುಮಕ್ಕಳಿರುವ ಮನೆಯಲ್ಲಿ ಬೆಳಗಿನ ಎಂಟು ಗಂಟೆಯೆಂದರೆ ಬಾಚಣಿಗೆಯ ಹೊತ್ತು. ಸೇಡಂನ ನಮ್ಮ ಓಣಿಯಲ್ಲಿ ಶಾಲೆಯ ಗಂಟೆಗಿಂತ ಮೊದಲು ಕೇಳುವುದು ಸಿಕ್ಕು ಬಿಡಿಸಿಕೊಳ್ಳುವ ಹುಡುಗಿಯರ ಚೀರಾಟ. ನಮ್ಮ ಮನೆಯಲ್ಲಿ ಮಾತ್ರ ನಿಶ್ಶಬ್ದ. ಎಂಟು ತಿಂಗಳ ಹಿಂದೆ ನಾವು ಅನಾಥಾಶ್ರಮದಿಂದ ದತ್ತು ತೆಗೆದುಕೊಂಡ ಏಳು ವರ್ಷದ ಅಂಬಿಕಾ ಅಂಗಳದ ಪರಶಿಕಲ್ಲಿನ ಮೇಲೆ ನನಗೆ ಬೆನ್ನು ಕೊಟ್ಟು ಕುಳಿತರೆ, ಎಂಥ ಗಟ್ಟಿ ಸಿಕ್ಕು ಬಂದರೂ ತುಟಿ ಪಿಟಕ್ಕೆನ್ನುವುದಿಲ್ಲ.

"ಪುಣ್ಯಾ ಮಾಡೀದಿ ನೀ. ಭಾಳ ಶಾಣ್ಯಾ ಕೂಸದ," ಎನ್ನುತ್ತಾರೆ ನಮ್ಮ ಅತ್ತೆ. ಸುಳ್ಳೇಕೆ, ಮೊದಮೊದಲು ನಾನೂ ಹಿಗ್ಗಿದೆ. ಆಮೇಲೆ ಯಾಕೋ ಒಳಗೊಳಗೇ ಕಸಿವಿಸಿ. ನೀವೇ ಹೇಳಿ, ಹಟವಿಲ್ಲ, ರಂಪವಿಲ್ಲ, ಒಂದು ಮಗು ಇಷ್ಟು ಒಳ್ಳೆಯದಾಗಿರುವುದು ಪ್ರೀತಿಯಿಂದಲೋ, ಭಯದಿಂದಲೋ? ಹೆತ್ತವರಿಗೆ ಇದು ತಾನಾಗಿಯೇ ತಿಳಿಯುತ್ತದೆಯೋ ಏನೋ; ಶಾಲೆಯಲ್ಲಿ ಊರ ಮಕ್ಕಳನ್ನೆಲ್ಲ ಪಳಗಿಸುವ ಟೀಚರಾದ ನನಗೆ ಮನೆಯ ಒಂದು ಮಗು ತಿಳಿಯಲಿಲ್ಲ.

ತಿಳಿಯದ ತಲೆ ತಪ್ಪು ದಾರಿ ಹಿಡಿಯಿತು. ಕಳೆದ ಸೋಮವಾರ ಬೇಕೆಂತಲೇ ಬಾಚಣಿಗೆಯನ್ನು ಜೋರಾಗಿ ಜಗ್ಗಿದೆ. ಒಮ್ಮೆಯಾದರೂ ಚೀರಲಿ, "ಅವ್ವಾ, ಸಾವಕಾಶ" ಎಂದು ನನ್ನ ಮೇಲೆ ಸಿಟ್ಟಾಗಲಿ ಎಂಬ ಆಸೆ. ಹೇಳಲು ನಾಚಿಕೆಯಾಗುತ್ತದೆ. ಬಾಗಿ ನೋಡಿದರೆ ಹುಡುಗಿಯ ಕಣ್ಣ ತುಂಬ ನೀರು, ತುಟಿ ಹಲ್ಲಿನಡಿ.

"ಅಳು ಬಂದ್ರ ಅತ್ತುಬಿಡು ಕೂಸ," ಎಂದೆ.

"ಅತ್ತರ ಹೊಳ್ಳಿ ಕಳಸಂಗಿಲ್ಲಲ್ರಿ?" ಎಂದಳು.

ನನಗೇ ಅಳು ನುಗ್ಗಿತು. "ಹೊಳ್ಳಿ ಎಲ್ಲಿಗಿ? ಇದ ನಿನ್ನ ಮನಿ," ಎಂದು ಅಪ್ಪಿಕೊಂಡೆ. ಅವಳು ತಲೆಯಾಡಿಸಿದಳು. ಆದರೆ ಅವಳು ಎಲ್ಲದಕ್ಕೂ ತಲೆಯಾಡಿಸುವವಳೇ. ನನ್ನ ಮಾತನ್ನು ನಂಬಿದಳೋ, ಅದೂ ಹೇಳಿದ್ದನ್ನು ಕೇಳುವ ಅಭ್ಯಾಸವೋ? ವಾರವಿಡೀ ಪಾಠ ಮಾಡುವಾಗಲೂ ಇದೇ ಗೊಂದಲ ನನ್ನನ್ನು ಕಾಡಿತು.

ನಿನ್ನೆ ಭಾನುವಾರ, ಮಧ್ಯಾಹ್ನದ ಊಟಕ್ಕೆ ಬಿಸಿರೊಟ್ಟಿಯ ಜೊತೆ ಹುಳಿಸೊಪ್ಪಿನ ಪುಂಡಿಪಲ್ಯ ಬಡಿಸಿದೆ. ನಮ್ಮ ಕಡೆ ಪುಂಡಿಪಲ್ಯ ಬೇಡವೆನ್ನುವವರನ್ನು ಹುಡುಕಬೇಕು. ಇವಳೂ ಇಷ್ಟು ದಿನ ಬಡಿಸಿದಾಗಲೆಲ್ಲ ಮರುಮಾತಿಲ್ಲದೆ ಉಂಡವಳೇ. ನಿನ್ನೆ ಮಾತ್ರ ತಟ್ಟೆಯನ್ನು ಬೆರಳಿನಿಂದ ಒಂದಿಷ್ಟೇ ದೂರ ಸರಿಸಿದಳು.

"ನಾ ಒಲ್ಲೆ. ನಂಗ ಪುಂಡಿಪಲ್ಯಾ ಎಂದೂ ಸೇರಿಲ್ಲ."

ಹಾಗೆಂದವಳು ರೆಪ್ಪೆ ಬಡಿಯದೆ ನನ್ನ ಮುಖವನ್ನೇ ನೋಡುತ್ತ ಕುಳಿತಳು. ಪರೀಕ್ಷೆ ಈಗ ನನ್ನದೆಂದು ಹೊಳೆಯಿತು. ಏನು ಹೇಳಿದರೆ ಪಾಸಾಗುತ್ತೇನೆಂದು ಗೊತ್ತಿಲ್ಲ; ನಗಬೇಕೋ ಅಳಬೇಕೋ ಅದೂ ಗೊತ್ತಿಲ್ಲ. ಗಲಿಬಿಲಿಯಲ್ಲಿ, ಯಾವ ತಾಯಿಯ ಬಾಯಲ್ಲೂ ಬರುವ ಮಾತೇ ನನ್ನ ಬಾಯಲ್ಲೂ ಬಂತು: "ಮುಂಜಾನಿಂದ ಕುಂತು ಮಾಡೀನಿ, ಸುಮ್ನ ತಿನ್ನು!"

ಅವಳು ತಿನ್ನಲಿಲ್ಲ.