ಹಿಂದೆ ಮೂಟೆ, ಮುಂದೆ ಬೆಳಕು

ನಮ್ಮ ಮನೆಯಲ್ಲಿ ಕಾರಿನ ಕೀ ನೇತುಹಾಕುವ ಮೊಳೆ ಬಾಗಿಲ ಪಕ್ಕದ ಗೋಡೆಯಲ್ಲಿದೆ. ಒಂದು ಬೆಳಗ್ಗೆ ನೋಡಿದರೆ ಮೊಳೆ ಖಾಲಿ. ಕೀ ನನ್ನ ಗಂಡನ ಅಂಗಿ ಜೇಬಿಗೆ ಬಡ್ತಿ ಪಡೆದಿತ್ತು. ಏಕೆ ಎಂದು ಕೇಳಿದ್ದಕ್ಕೆ ಪೇಪರಿನಿಂದ ತಲೆ ಎತ್ತದೆ, ಶಾಲೆಗೆ ಹೋಗಲು ಬಸ್ಸಿದೆ, ಕತ್ತಲಾದ ಮೇಲೆ ನೀನು ಇನ್ನು ಸ್ಟೀರಿಂಗ್ ಹಿಡಿಯುವಂತಿಲ್ಲ, ನಿನ್ನ ಕಣ್ಣು ಮಂಜಾಗಿದೆ ಎಂದರು. ಇಷ್ಟು ದೊಡ್ಡ ತೀರ್ಪನ್ನು ಅವರು ಕಾಫಿ ಹೀರುವ ನಡುವೆ ಕೊಟ್ಟು ಮುಗಿಸಿದ್ದರು.

ಈ ತೀರ್ಪಿಗೆ ಸಾಕ್ಷಿ ಒದಗಿಸಿದವಳು ನಾನೇ. ಹಿಂದಿನ ಸಂಜೆ ಅಮ್ಮನ ಮನೆಯಿಂದ ಬರುವಾಗ ಎದುರಿಗೆ ಬಂದವರೆಲ್ಲ ಯಾವುದೋ ಹಳೆಯ ದ್ವೇಷ ಇರುವವರಂತೆ ನನ್ನ ಮುಖಕ್ಕೆ ದೊಡ್ಡ ದೀಪ ಹಾಕಿದ್ದರು. ಕಣ್ಣು ಕೋರೈಸಿ ಹೋಗಿತ್ತು. ಆ ಕುರುಡು ಬೆಳಕಿನಲ್ಲಿ ಕಬ್ಬು ತುಂಬಿದ ಟ್ರೇಲರಿನ ಹಿಂಭಾಗ ನನ್ನ ಮೂಗಿನ ನೇರಕ್ಕೆ ಬರುವವರೆಗೂ ಕಾಣಲಿಲ್ಲ. ಬ್ರೇಕ್ ಒತ್ತಿದ ರಭಸಕ್ಕೆ ಡಿಕ್ಕಿಯೊಳಗಿನ ತೆಂಗಿನಕಾಯಿಗಳು ಉರುಳಿ ಸೀಟಿನ ಬೆನ್ನಿಗೆ ಗುದ್ದಿದವು. ನನಗೆ ನಿಜವಾಗಿಯೂ ಭಯವಾಗಿತ್ತು. ಮನೆಗೆ ಬಂದು ನೀರು ಕುಡಿದು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಎಲ್ಲವನ್ನೂ ಒಪ್ಪಿಸಿಬಿಟ್ಟೆ.

ಕೀ ಹೋಯಿತು ಎಂದರೆ ನನ್ನ ಪಾಲಿಗೆ ಅಮ್ಮನ ಸಂಜೆ ಹೋಯಿತು ಎಂದೇ ಅರ್ಥ. ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಮನೆ ಮಂಡ್ಯದ ಗುತ್ತಲಿನಲ್ಲಿ. ತವರು ಚಿಕ್ಕರಸಿನಕೆರೆಯ ಮಗ್ಗುಲ ಹಳ್ಳಿ, ಅಂದರೆ ಶಾಲೆಗೂ ಮನೆಗೂ ನಡುವೆ. ವಾರಕ್ಕೊಮ್ಮೆ ಶಾಲೆ ಬಿಟ್ಟವಳೇ ಅಲ್ಲಿಗೆ ಹೋಗುತ್ತಿದ್ದೆ. ಹಗಲು ಹೊತ್ತು ಅಮ್ಮ ಕೈಗೆ ಸಿಗುವವಳಲ್ಲ. ಗದ್ದೆ, ಕೊಟ್ಟಿಗೆ, ನನ್ನ ತಮ್ಮ, ಅವನ ಹೆಂಡತಿಯ ಅಡುಗೆಮನೆ, ಎಲ್ಲವೂ ಅವಳ ಉಸ್ತುವಾರಿಯಲ್ಲೇ ನಡೆಯಬೇಕು. ದೇವರ ಮುಂದೆ ದೀಪ ಹಚ್ಚಿದ ಮೇಲೆ ಮಾತ್ರ ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಊರಿನವರ ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾಳೆ. ಆ ಹೊತ್ತಿಗೆ ಆ ಕಡೆಯಿಂದ ಮಂಡ್ಯಕ್ಕೆ ನೆಟ್ಟಗೆ ಬಸ್ಸಿಲ್ಲ. ಕಾರಿಲ್ಲದಿದ್ದರೆ ಜಗಲಿಯೂ ಇಲ್ಲ.

ಮೊದಲು ಕಣ್ಣಿನ ಡಾಕ್ಟರ ಬಳಿ ಹೋದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, ಕನ್ನಡಕ ಸರಿಯಾಗಿದೆ, ಪೊರೆಯೂ ಇಲ್ಲ ಎಂದರು. ಗೆದ್ದೆ ಎಂದುಕೊಂಡು ಮನೆಗೆ ಬಂದರೆ ನನ್ನ ಗಂಡ, ಹಗಲಿನ ಕಣ್ಣು ಬೇರೆ, ರಾತ್ರಿಯ ಕಣ್ಣು ಬೇರೆ ಎಂದು ಹೊಸ ಶಾಸ್ತ್ರ ತೆಗೆದರು. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರಿಗೆ ಉಳಿದಿರುವ ಒಬ್ಬಳೇ ವಿದ್ಯಾರ್ಥಿನಿ ನಾನು, ಆ ವಿದ್ಯಾರ್ಥಿನಿಯೂ ಹಿಂದಿನ ಬೆಂಚಿನವಳು. ಕಣ್ಣಿನದಲ್ಲದಿದ್ದರೆ ಲೈಟಿನ ದೋಷವಿರಬಹುದಲ್ಲ ಎಂದು ನಾನು ಕೇಳಿದ್ದೇ ತಡ, ಅವರಿಗೆ ಎಲ್ಲಿಲ್ಲದ ಹುರುಪು ಬಂತು. ಅದನ್ನೂ ಪ್ರಯೋಗ ಮಾಡಿಯೇ ತೋರಿಸುತ್ತೇನೆ ಎಂದು ಎದ್ದರು.

ಪ್ರಯೋಗಕ್ಕೆ ಬೇಕಾದದ್ದು ಮಟ್ಟಸವಾದ ನೆಲ ಮತ್ತು ನೇರವಾದ ಒಂದು ಗೋಡೆ. ನಮ್ಮ ಗೇಟಿನಿಂದ ಕಾರಿನ ಮೂತಿ ಹೊರಗಿಟ್ಟರೆ ಎದುರಿಗೇ ಎದುರುಮನೆಯ ಕಾಂಪೌಂಡು. ಆಗಷ್ಟೇ ಕೆನೆ ಬಣ್ಣ ಬಳಿಸಿಕೊಂಡು ಮದುವೆ ಮನೆಯಂತೆ ಹೊಳೆಯುತ್ತಿತ್ತು. ಅವರನ್ನು ಕೇಳಬೇಕಲ್ಲ ಎಂದೆ. ಐದು ನಿಮಿಷದ ಕೆಲಸ, ಕೇಳುವುದೇನು ಎಂದರು. ಚಕ್ರಗಳಿಗೆ ಗಾಳಿ ಸರಿಯಿದೆಯೇ ನೋಡಿದರು. ನೆಲದಿಂದ ಹೆಡ್‌ಲೈಟಿನ ನಡುಮಧ್ಯಕ್ಕೆ ಟೇಪು ಹಿಡಿದು ಅಳೆದು, ಅದೇ ಎತ್ತರಕ್ಕೆ ಗೋಡೆಯ ಮೇಲೆ ಕರೆಂಟಿನವರು ತಂತಿಗೆ ಸುತ್ತುವ ಕೆಂಪು ಅಂಟುಪಟ್ಟಿ ಅಂಟಿಸಿದರು. ಕತ್ತಲಾದ ಮೇಲೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಸಣ್ಣ ಲೈಟು ಹಾಕಿಸಿದರು. ಬೆಳಕಿನ ಮೇಲಂಚು ಕೆಂಪು ಪಟ್ಟಿಗಿಂತ ಒಂದು ಬೆರಳು ಕೆಳಗೆ, ದಾರ ಹಿಡಿದು ಎಳೆದಂತೆ ಬಿದ್ದಿತ್ತು. ಹಾಗೆಯೇ ಬೀಳಬೇಕಂತೆ. ಬಾನೆಟ್ಟು ತೆಗೆದು ತಿರುಪು ತಿರುಗಿಸಲು ಸ್ಕ್ರೂಡ್ರೈವರ್ ಹಿಡಿದು ನಿಂತವರು ಅದನ್ನು ಜೇಬಿಗಿಟ್ಟುಕೊಂಡರು.

"ಲೈಟು ಸರ್ಯಾಗೇ ಅದೆ. ಇನ್ನುಳ್ದಿರೋದು ನಿನ್ ಕಣ್ಣೇ ಕಣೆ," ಎಂದರು. ಆ ದನಿಯಲ್ಲಿದ್ದ ಸಂತೋಷ ನನ್ನ ಮೈಯೆಲ್ಲ ಉರಿಸಿತು.

ಕೆಂಪು ಪಟ್ಟಿ ತೆಗೆಯುವುದನ್ನು ಇಬ್ಬರೂ ಮರೆತೆವು. ಬೆಳಗ್ಗೆ ಎದ್ದು ನೋಡಿದರೆ ಬೀದಿಯೇ ಅಲ್ಲಿ ನೆರೆದಿದೆ. ಎದುರುಮನೆಯ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ಬಂದವರು. ಗೋಡೆಯ ಮೇಲೆ ಕೆಂಪು ಗುರುತು ಕಂಡ ಕೂಡಲೇ ಅವರಿಗೆ ಹೊಳೆದದ್ದು ಒಂದೇ. "ರಸ್ತೆ ಅಗಲ ಮಾಡ್ತಾರೆ ಕಣ್ರೀ. ಇಲ್ಲೀಗಂಟ ಒಡೀತಾರೆ," ಎಂದು ಬನಿಯನ್ನಿನಲ್ಲೇ ನಿಂತು ಎಲ್ಲರಿಗೂ ತೋರಿಸುತ್ತಿದ್ದರು. ಹೆದ್ದಾರಿ ಕೆಲಸದ ಹೊತ್ತಿನಲ್ಲಿ ಇಂಥ ಗುರುತು ಬಿದ್ದ ಅಂಗಡಿಗಳು ಏನಾದವು ಎಂಬುದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಅವರ ಪಕ್ಕದ ಮನೆಯವರು ಮನೆ ಪತ್ರಗಳನ್ನು ಹುಡುಕಲು ಒಳಗೆ ಓಡಿದರು. ನಮ್ಮ ಸಾಲಿನ ಗೋಡೆಗಳಿಗೆ ಗುರುತಿಲ್ಲ ಎಂದು ನಮ್ಮ ಅಕ್ಕಪಕ್ಕದವರು ಒಳಗೊಳಗೇ ಹಿಗ್ಗಿದರು.

ನಾನು ಗಂಡನ ಮುಖ ನೋಡಿದೆ. ಅವರು ತುಳಸಿ ಗಿಡದಲ್ಲಿ ಏನನ್ನೋ ಹುಡುಕುತ್ತಿದ್ದರು. ಹೋಗಿ ಹೇಳಿ ಎಂದು ಕಣ್ಣಲ್ಲೇ ಚುಚ್ಚಿದೆ, ಅವರು ಗಿಡದೊಳಕ್ಕೆ ಇನ್ನಷ್ಟು ಬಗ್ಗಿದರು. ಅನುಮತಿಯಿಲ್ಲದೆ ಹೊಸ ಬಣ್ಣದ ಮೇಲೆ ಅಂಟು ಮೆತ್ತಿದ ಪ್ರೊಫೆಸರು ಎನ್ನಿಸಿಕೊಳ್ಳುವುದಕ್ಕಿಂತ ರಸ್ತೆ ಅಗಲವಾಗುವುದೇ ವಾಸಿ ಎನ್ನಿಸಿರಬೇಕು. ಆಗಲಿ, ಈ ಗುಟ್ಟು ಮುಂದೆ ನನ್ನ ಉಪಯೋಗಕ್ಕೆ ಬರುತ್ತದೆ ಎಂದು ನಾನೂ ಸುಮ್ಮನಾದೆ. ಯಜಮಾನರು ಮಾತ್ರ ಆ ಪಟ್ಟಿಯನ್ನು ಕೀಳಲಿಲ್ಲ. ಸರ್ಕಾರದ ಗುರುತನ್ನು ಅಳಿಸಬಾರದು ಎಂಬ ಭಯ ಅವರಿಗೆ ನೌಕರಿಯಿಂದಲೇ ಮೈಗೂಡಿತ್ತು.

ಎರಡು ವಾರ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿದೆ. ಅಮ್ಮ ಫೋನಿನಲ್ಲಿ ಏನೂ ಕೇಳಲಿಲ್ಲ, ಈ ವಾರವೂ ಬರಲಿಲ್ಲ ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋದಳು. ಅದು ನನಗೆ ಅಳು ತರಿಸಿತು. ಅವತ್ತು ರಾತ್ರಿ ಅನ್ನ ಬಡಿಸುವಾಗ ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಾಗಿದ್ದಿರಬೇಕು. ಗಂಡ ತಾವಾಗಿಯೇ ಒಂದು ಸಂಧಾನಕ್ಕೆ ಬಂದರು. ಸಂಜೆ ಇಬ್ಬರೂ ಅಮ್ಮನ ಮನೆಗೆ ಹೋಗೋಣ, ಬರುವಾಗ ಕತ್ತಲಲ್ಲಿ ನಾನು ಓಡಿಸುತ್ತೇನೆ, ಅದೇ ಕಾರು, ಅದೇ ಲೈಟು, ಅದೇ ದಾರಿ, ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ನಿನಗೇ ಗೊತ್ತಾಗುತ್ತದೆ ಎಂದರು. ಅಲ್ಲಿಯವರೆಗೆ ಅವರು ಆ ದಾರಿಯಲ್ಲಿ ಕತ್ತಲಲ್ಲಿ ಬಂದವರೇ ಅಲ್ಲ. ಮಾವನ ಮನೆಗೆ ಅವರ ಸವಾರಿ ಏನಿದ್ದರೂ ಭಾನುವಾರ ಮಧ್ಯಾಹ್ನದ ಊಟಕ್ಕೆ, ಬಿಸಿಲಿರುವಾಗಲೇ ವಾಪಸು.

ಅಳಿಯಂದಿರು ಬಂದರು ಎಂದರೆ ಅಮ್ಮನಿಗೆ ಕೈ ನಿಲ್ಲುವುದಿಲ್ಲ. ನಾನೊಬ್ಬಳೇ ಹೋದರೂ ಅವಳು ಕಾರನ್ನು ಖಾಲಿ ಕಳಿಸಿದ್ದಿಲ್ಲ. ಮಗಳ ಗಾಡಿ ತವರಿನಿಂದ ಹಗುರಾಗಿ ಹೋದರೆ ಮನೆಗೇ ಅವಮಾನ ಎಂಬುದು ಅವಳ ಕಾನೂನು. ಅವತ್ತು ತಮ್ಮ ಡಿಕ್ಕಿಗೆ ಒಂದು ಮೂಟೆ ಅಕ್ಕಿ, ಸುಲಿದ ತೆಂಗಿನಕಾಯಿಯ ಚೀಲ, ಬೆಲ್ಲದ ಅಚ್ಚುಗಳ ಡಬ್ಬ, ಒಂದು ಬಾಳೆಗೊನೆ ತುಂಬಿದ. ಹಿಂದಿನ ಸೀಟಿಗೆ ಎಳನೀರಿನ ಗೊಂಚಲು ಹತ್ತಿಸಿದ. ಡಿಕ್ಕಿಯ ಬಾಗಿಲು ಮುಚ್ಚಲು ಅವನು ಅದರ ಮೇಲೆ ಕೂರಬೇಕಾಯಿತು.

ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಶುರುವಾಯಿತು. ಎದುರಿಗೆ ಬಂದ ಆಟೋ ಕಣ್ಣು ಮಿಟುಕಿಸಿತು. ಅದರ ಹಿಂದಿನ ಬಸ್ಸು ದೊಡ್ಡ ಲೈಟು ಹಾಕಿ ಹಾಗೆಯೇ ಹಿಡಿದುಕೊಂಡಿತು. ಯಾವ ಮುಠ್ಠಾಳ ಇವನಿಗೆ ಲೈಸೆನ್ಸು ಕೊಟ್ಟ ಎಂದು ನನ್ನ ಗಂಡ ಬಯ್ದರು. ಮುಂದಿನವನಿಗೂ ಅದೇ ಬಯ್ಗುಳ. ಮೂರನೆಯವನಿಗೆ ಬಯ್ಯಲಿಲ್ಲ, ಸ್ಟೀರಿಂಗಿನ ಮೇಲೆ ಬಾಗಿ ಕಣ್ಣು ಕಿರಿದು ಮಾಡಿದರು. ಚೆನ್ನಾಗಿ ಕಾಣುತ್ತಿದೆಯೇ ಎಂದು ನಾನು ಬಹಳ ವಿನಯದಿಂದ ವಿಚಾರಿಸಿದೆ. ಅವರು ಅಂಗೈಯಿಂದ ಮುಂದಿನ ಗಾಜು ಒರೆಸಿದರು.

ಮದ್ದೂರಿಗೆ ಮುಂಚೆ ನಾಲೆಯ ಮೇಲೊಂದು ಇಕ್ಕಟ್ಟು ಸೇತುವೆ. ಅಲ್ಲಿ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ನಿಲ್ಲಿಸಬೇಕಾಯಿತು. ಟ್ರ್ಯಾಕ್ಟರಿನವನು ನಮ್ಮ ಕಿಟಕಿಯ ಪಕ್ಕಕ್ಕೇ ಬಂದು ನಿಂತ. ಸಿಟ್ಟೇನೂ ಇರಲಿಲ್ಲ, ಸಮಾಧಾನವಾಗಿಯೇ ಕೇಳಿದ.

"ಏನಣ್ಣ, ಲೈಟ್ನ ಮರುಕ್ಕೆ ಬುಟ್ಕೊಂಡು ಓಯ್ತಾ ಇದ್ದೀಯ. ಕಾಯಿ ಎಣುಸ್ತಿದ್ದೀಯ?"

ಮುಂದೆ ನೋಡಿದೆ. ಅವನು ಹೇಳಿದ್ದು ಸುಳ್ಳಲ್ಲ. ನಾಲೆಯ ಏರಿಯ ತೆಂಗಿನ ಮರಗಳ ಗೊನೆಗೊನೆಯೂ ಬೆಳಗುತ್ತಿತ್ತು, ರಸ್ತೆ ಮಾತ್ರ ಕಪ್ಪಗಿತ್ತು. ಮರದ ಕಾಯಿ ಕಂಡದ್ದೇ ನನಗೆ ಬೆನ್ನ ಹಿಂದಿನ ಕಾಯಿ ನೆನಪಾಯಿತು. ಹಿಂದೆ ಅಷ್ಟು ಭಾರ ಕೂತರೆ ಮುಂದಿನ ಮೂತಿ ಏಳದೆ ಇರುತ್ತದೆಯೇ? ನಮ್ಮ ಬೆಳಕು ಕಣ್ಣಿಗೆ ಹೊಡೆದವರೆಲ್ಲ ಸೇಡಿಗೆ ತಮ್ಮದನ್ನು ನಮ್ಮ ಮುಖಕ್ಕೆ ಹಾಕುತ್ತಿದ್ದರು. ನಗು ಒತ್ತಿಕೊಂಡು ಬಂತು. ಮದ್ದೂರು ದಾಟಿ ಹೆದ್ದಾರಿಗೆ ಬಂದರೂ, ಗೆಜ್ಜಲಗೆರೆಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಹೊರಟ ಬೈಕಿನವರು ಕನ್ನಡಿ ತಿರುಗಿಸಿಕೊಂಡು ನಮ್ಮನ್ನು ಶಪಿಸುತ್ತಿದ್ದರೂ, ನಾನು ಏನೂ ಹೇಳಲಿಲ್ಲ. ಪ್ರಯೋಗವನ್ನು ಪ್ರಯೋಗದಿಂದಲೇ ಸೋಲಿಸಬೇಕಿತ್ತು.

ಮನೆ ಮುಂದೆ ಬಂದಾಗ ಗಂಡ ಡಿಕ್ಕಿ ತೆಗೆಯಲು ಇಳಿದರು. ತಡೆದೆ. "ಒಂದು ಕಾಯೂ ಇಳಿಸ್ಬೇಡಿ. ಮೊದ್ಲು ಗಾಡಿನ ಗೇಟಲ್ಲಿ ನಿಲ್ಸಿ, ಅವತ್ತಿನ್ ತರ," ಎಂದೆ.

ನಿಲ್ಲಿಸಿದರು. ಕೆಂಪು ಪಟ್ಟಿ ಸರ್ಕಾರಿ ಗೌರವದೊಂದಿಗೆ ಇನ್ನೂ ಅಲ್ಲೇ ಇತ್ತು. ಬೆಳಕು ಅಲ್ಲಿರಲಿಲ್ಲ. ಅದು ಪಟ್ಟಿಯನ್ನು ದಾಟಿ, ಕಾಂಪೌಂಡನ್ನು ದಾಟಿ, ಎದುರುಮನೆಯ ಕಿಟಕಿಯಲ್ಲಿ ನೆಟ್ಟಿತ್ತು. ಕಿಟಕಿಯೊಳಗೆ ಮುದ್ದೆ ಮುರಿಯುತ್ತಿದ್ದ ಯಜಮಾನರು ತುತ್ತು ಕೈಯಲ್ಲೇ ಹಿಡಿದು ನಮ್ಮ ಕಡೆ ನೋಡಿದರು.

ಈಗ ಒಂದೊಂದೇ ಇಳಿಸಿ ಎಂದೆ. ನನ್ನ ಗಂಡ ಎಳನೀರು ಇಳಿಸಿದರು, ಬೆಳಕು ಕಿಟಕಿಯಿಂದ ಜಾರಿತು. ತೆಂಗಿನಕಾಯಿ ಚೀಲ ಇಳಿಸಿದರು, ಕಾಂಪೌಂಡಿಗೆ ಬಂತು. ಬೆಲ್ಲಕ್ಕೂ ಬಾಳೆಗೊನೆಗೂ ಚೂರುಚೂರು ತಗ್ಗಿತು. ಕೊನೆಗೆ ಅಕ್ಕಿ ಮೂಟೆಯನ್ನು ತಬ್ಬಿ ನೆಲಕ್ಕಿಟ್ಟಾಗ ಬೆಳಕಿನ ಅಂಚು ಕೆಂಪು ಪಟ್ಟಿಯ ಕೆಳಗೆ ಬಂದು ತೆಪ್ಪಗೆ ಕೂತಿತು. ಫಿಸಿಕ್ಸ್ ಮೇಷ್ಟ್ರು ಮೂಟೆಯ ಪಕ್ಕದಲ್ಲಿ ಸೊಂಟ ಹಿಡಿದು ನಿಂತು ಗೋಡೆಯನ್ನೇ ನೋಡಿದರು. ಮನೆಯಲ್ಲಿ ಖಾಲಿ ಕಾರಿಗೆ ಪರೀಕ್ಷೆ ಮಾಡಿದವರು, ಅಮ್ಮನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಕೈ ತೊಳೆದುಕೊಂಡು ಬಂದಿದ್ದರು. ಪಟ್ಟಿಯ ಗುಟ್ಟು ಅವರೆದುರು ಬಯಲಾಯಿತು. ನನ್ನ ಗಂಡನನ್ನು ಅವರು ಬಯ್ದದ್ದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ನಾನು ಪೂರ್ತಿ ಕೇಳಿಸಿಕೊಂಡೆ. ಬಯ್ದು ದಣಿದ ಮೇಲೆ ಅವರಿಗೂ ಕುತೂಹಲ ಹುಟ್ಟಿತು. ನನ್ನ ಗಂಡ, ಇದಕ್ಕೆ ಒಂದೇ ದಾರಿ, ಇನ್ನು ಮೇಲೆ ಏನೂ ಕೊಡಬೇಡಿ ಎಂದು ನಿಮ್ಮಮ್ಮನಿಗೆ ಹೇಳಿಬಿಡು ಎಂದರು. ನೀವೇ ಹೇಳಿ ಎಂದೆ. ಅವರು ಗೋಡೆ ನೋಡತೊಡಗಿದರು.

"ಸ್ಟೇರಿಂಗ್ ಪಕ್ಕ ಒಂದು ಚಕ್ರ ಇರ್ಬೇಕಲ್ಲ ಸಾರ್," ಎಂದರು ಯಜಮಾನರು. "ಭಾರ ಜಾಸ್ತಿ ಆದ್ರೆ ಲೈಟು ತಗ್ಸಕ್ಕೆ. ನಮ್ ಗಾಡೀಲದೆ."

ನಮ್ಮ ಗಾಡಿಯಲ್ಲಿ ಆ ಜಾಗದಲ್ಲಿ ಇದ್ದದ್ದು ದೇವರು. ಕಾರು ಹೊಸದಾಗಿ ಬಂದಾಗ ಪೂಜೆ ಮುಗಿಸಿದ ಅಮ್ಮ, ಮಗಳ ಬಲಗೈ ಹತ್ತಿರವೇ ಇರಲಿ ಎಂದು ದೇವಸ್ಥಾನದ ಸ್ಟಿಕ್ಕರನ್ನು ತಾನೇ ಅಂಟಿಸಿದ್ದಳು. ಅದರ ಮೇಲೆ ಪ್ರತಿ ಆಯುಧಪೂಜೆಯ ಅರಿಶಿನ ಕುಂಕುಮ ಪದರ ಪದರವಾಗಿ ಕೂತಿತ್ತು. ಅಡಿಯಲ್ಲಿ ಏನಿದೆ ಎಂದು ನೋಡುವ ಧೈರ್ಯ ಯಾರಿಗಿದೆ? ಗಂಡ ಚಪ್ಪಲಿ ಬಿಟ್ಟು, ಕೈ ಮುಗಿದು, ಉಗುರಿನಿಂದ ದೇವರ ಅಂಚು ಎತ್ತಿದರು. ಕೆಳಗೆ ಸೊನ್ನೆಯಿಂದ ಮೂರರವರೆಗೆ ಅಂಕಿ ಬರೆದ ಪುಟ್ಟ ಚಕ್ರ ಹೊಸದರಂತೆ ಹೊಳೆಯುತ್ತಿತ್ತು.

ಅದು ಕೆಲಸ ಮಾಡುತ್ತದೆಯೇ ಎಂದು ನೋಡಬೇಕಾದರೆ ಭಾರ ಮತ್ತೆ ಹತ್ತಬೇಕು. ಇಳಿಸಿದ್ದನ್ನೆಲ್ಲ ನನ್ನ ಗಂಡ ಏದುಸಿರು ಬಿಡುತ್ತ ಮತ್ತೆ ಹತ್ತಿಸಿದರು. ನಾನು ಸೀಟಿನಲ್ಲಿ ರಾಣಿಯಂತೆ ಕೂತು ಚಕ್ರವನ್ನು ಎರಡಕ್ಕೆ ತಿರುಗಿಸಿದೆ. ಬೆಳಕು ಯಜಮಾನರ ಕಿಟಕಿಯಿಂದ ಇಳಿದು ಪಟ್ಟಿಯ ಕೆಳಗೆ ಬಂತು. ಆಮೇಲೆ ಎಲ್ಲವನ್ನೂ ಇನ್ನೊಂದು ಸಲ ಇಳಿಸಿದರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ಸೊಂಟಕ್ಕೆ ಮುಲಾಮು ಹಚ್ಚು ಎಂದರು. ಬೆಳಗ್ಗೆ ಕೀ ಮೊಳೆಯ ಮೇಲಿತ್ತು.

ಆ ವಾರವೇ ಶಾಲೆ ಬಿಟ್ಟು ಅಮ್ಮನ ಬಳಿಗೆ ಓಡಿದೆ. ಜಗಲಿಯ ಮೇಲೆ ಬಾಕಿ ಉಳಿದಿದ್ದ ಊರಿನ ಸುದ್ದಿಗಳೆಲ್ಲ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಹೊರಡುವಾಗ ಅಮ್ಮ ಕಾರಿನೊಳಗೆ ಬಗ್ಗಿ ನೋಡಿ, ದೇವರು ಜಾಗ ಬದಲಿಸಿದ್ದು ಏಕೆ ಎಂದು ಕೇಳಿದಳು. ಭಯಪಡುತ್ತಲೇ ಎಲ್ಲ ಹೇಳಿ ಚಕ್ರ ತೋರಿಸಿದೆ. ಕೊಡುವುದನ್ನು ಇನ್ನು ಕಡಿಮೆ ಮಾಡುತ್ತಾಳೇನೋ, ನೊಂದುಕೊಳ್ಳುತ್ತಾಳೇನೋ ಎಂಬುದು ನನ್ನ ಚಿಂತೆ. ಅವಳು ಕಣ್ಣು ಕಿರಿದು ಮಾಡಿ ಅಂಕಿಗಳನ್ನು ನೋಡಿದಳು. ಈಗ ತುಂಬಿರುವ ಭಾರಕ್ಕೆ ಎಷ್ಟಕ್ಕಿಡಬೇಕು ಎಂದು ಕೇಳಿದಳು. ಎರಡು ಎಂದೆ.

ಅಮ್ಮ ತಿರುಗಿ ತಮ್ಮನನ್ನು ಕೂಗಿದಳು. "ಲೋ ಮಗ, ಆ ರಾಗಿ ಮೂಟೆನೂ ತಕ್ಕಂಡ್ ಬಾ. ಮೂರ್ರ ಗಂಟ ಜಾಗ ಅದಂತೆ ಕಣ್ಲಾ."