ಎಡಗಾಲಿಗೊಂದು ಕ್ಲಚ್

ಈ ಕೆಲಸಕ್ಕೆ ನಾವು ಕೈ ಹಾಕಿದ್ದು ಸಿಟ್ಟಿನಿಂದ. ಸಿಟ್ಟು ನನ್ನದು, ಕೈ ಗಂಡನದು.

ನಮ್ಮದು ಆಟೊಮ್ಯಾಟಿಕ್ ಕಾರು. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಅದಕ್ಕೆಂದೇ ಕೊಂಡದ್ದು. ಡೊಂಬಿವಲಿ ಸ್ಟೇಶನ್ನಿನಲ್ಲಿ ಲೋಕಲ್ ಹತ್ತುವಾಗ ಬಿದ್ದು ನನ್ನ ಎಡ ಮೊಣಕಾಲು ಮುರಿದಿತ್ತು. ಮೂಳೆ ಕೂಡಿ ವರ್ಷಗಳಾದವು, ಇನ್ನು ಧಾರಾಳವಾಗಿ ಬಳಸಿ ಎಂದು ಡಾಕ್ಟರೂ ಹೇಳಿಬಿಟ್ಟರು. ನಾನು ಮಾತ್ರ ಆ ಕಾಲನ್ನು ನಂಬದೆ ಇನ್ನೂ ಕುಂಟುತ್ತಲೇ ನಡೆಯುತ್ತಿದ್ದೆ. ಐರೋಲಿಯ ಶಾಲೆಗೆ ಪಾಠ ಹೇಳಲು ಹೋಗಿಬರುವುದೆಲ್ಲ ಬಲಗಾಲಿನ ಭರವಸೆಯ ಮೇಲೆ.

ಗೇರ್‌ಬಾಕ್ಸ್ ಕೈಕೊಟ್ಟಾಗ ಮಾಜಿವಾಡಾದ ಗ್ಯಾರೇಜಿನವನು ಬಗ್ಗಿ ನೋಡಿ, ಹಳೆಯ ಮಾಡೆಲ್, ಈ ಡಬ್ಬಾ ಇನ್ನು ಎಲ್ಲೂ ಸಿಗುವುದಿಲ್ಲ ಎಂದ. ಹಾಗಾದರೆ ಮ್ಯಾನುಯಲ್ ಗೇರ್‌ಬಾಕ್ಸ್ ಕೂಡಿಸಿಕೊಡಿ ಎಂದೆ. ಅವನು ಕಾರನ್ನು ಬಿಟ್ಟು ನನ್ನ ಕಾಲು ನೋಡಿದ.

“ಮೇಡಂ, ಕ್ಲಚ್ ಆಪ್ ಸೆ ನಹೀ ಹೋಗಾ. ಬೇಚ್ ಡಾಲೋ, ರಿಕ್ಷಾ ಸೆ ಜಾಯಾ ಕರೋ.”

ಕ್ಲಚ್ ನಿಮ್ಮಿಂದ ಆಗದು, ಮಾರಿಬಿಟ್ಟು ರಿಕ್ಷಾದಲ್ಲಿ ಓಡಾಡಿ ಎಂದು ನನಗೇ ಹೇಳುವುದೇ? ಸಿಟ್ಟು ನೆತ್ತಿಗೇರಿತು. ಇದೇ ಕಾರನ್ನು ಮ್ಯಾನುಯಲ್ ಮಾಡಿಸಿ ನಿನ್ನ ಬಾಗಿಲಿಗೇ ಓಡಿಸಿಕೊಂಡು ಬರುತ್ತೇನೆ ಎಂದುಬಿಟ್ಟೆ. ಆಡಿದ ಮೇಲೆ ಯೋಚನೆ ಹತ್ತಿತು. ಅವನು ಹೇಳಿದ್ದೇ ನಿಜವಾದರೆ?

ನನ್ನ ಗಂಡ ಇಪ್ಪತ್ತು ವರ್ಷದಿಂದ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗೇರುಗಳನ್ನು ಕೊರೆಯುತ್ತಿದ್ದಾನೆ. ಕಾರು ಹೋಗಲಿ, ಸ್ಕೂಟರ್ ಓಡಿಸಲಿಕ್ಕೂ ಬಾರದು. ನನ್ನ ಶಪಥ ಕೇಳಿ ಅವನ ಮುಖ ಅರಳಿತು.

“ಗೇರ್ ನನಗ ಗೊತ್ತದ, ರಸ್ತಾ ನಿನಗ ಗೊತ್ತದ. ಇನ್ನೇನು ಬೇಕು?”

ವಿಠ್ಠಲವಾಡಿಯ ಗುಜರಿಯಲ್ಲಿ ನಮ್ಮದೇ ಮಾಡೆಲ್ಲಿನ ಕಾರೊಂದು ಹಿಂಭಾಗ ಜಜ್ಜಿಹೋಗಿ ಬಿದ್ದಿತ್ತು. ಮುಂಭಾಗ ಗಟ್ಟಿಮುಟ್ಟು. ಅದರ ಗೇರ್‌ಬಾಕ್ಸು, ಕ್ಲಚ್ಚು, ಮೂರು ಪೆಡಲು, ಗೇರಿನ ಕೋಲು, ಹೀಗೆ ಇಡೀ ಸಂಸಾರವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದೆವು. ಆರ್‌ಟಿಒಗೆ ಅರ್ಜಿ ಹಾಕಿ ಅನುಮತಿ ತಂದೆವು. ಆಮೇಲೆ ಪ್ರತಿ ರವಿವಾರ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗ್‌ನಲ್ಲಿ ನಮ್ಮ ಜಾತ್ರೆ. ಕಾರ್ಖಾನೆಯಿಂದ ತಂದ ಚೈನಿಗೆ ಎಂಜಿನ್ ತೂಗುಬಿದ್ದಿರುತ್ತಿತ್ತು. ನಾನು ಕಾರಿನಡಿ ಅಂಗಾತ ಮಲಗಿ, ತಲೆಗೂದಲಿಗೆಲ್ಲ ಆಯಿಲ್ ಬಳಿದುಕೊಂಡು, ಬೋಲ್ಟ್ ಬಿಚ್ಚಲು ಗಂಡ ಕೇಳಿದ ಪಾನಾಕ್ಕೆ ಬದಲು ಇನ್ನೊಂದು ಪಾನಾ ಕೊಟ್ಟು ಬೈಸಿಕೊಳ್ಳುತ್ತಿದ್ದೆ. ಮದುವೆಯಾದ ಹೊಸತರಲ್ಲೂ ನಾವಿಬ್ಬರು ಅಷ್ಟು ನಕ್ಕಿದ್ದಿಲ್ಲ.

ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಲಬುರಗಿಯಿಂದ ಹಮಾಲಿ ಕೆಲಸಕ್ಕೆ ಬಂದು, ಮುಂದೆ ಮೂವತ್ತು ವರ್ಷ ಟೆಂಪೋ ಓಡಿಸಿದವರು. ಈಗ ಕಣ್ಣು ಮಂದ, ಲೈಸೆನ್ಸ್ ಇಲ್ಲ. ಆಟೊಮ್ಯಾಟಿಕ್ ಎಂದರೆ ಅವರಿಗೆ ಮೊದಲಿನಿಂದಲೂ ತಾತ್ಸಾರ. “ಗಾಡಿ ತಾನ ಗೇರ್ ಹಾಕ್ಕೊಂಡ್ರ ಡ್ರೈವರ್ ಯಾಕ ಬೇಕವ್ವಾ?” ಎನ್ನುತ್ತಿದ್ದರು.

ಎಲ್ಲ ಕೂಡಿಸಿ ಮುಗಿದದ್ದು ಖಂಡೇನವಮಿಯ ಬೆಳಗ್ಗೆ. ನಾನು ಕೀಲಿ ತಿರುಗಿಸಿದೆ. ಟಕ್ ಎಂಬ ಸದ್ದೂ ಬರಲಿಲ್ಲ. ಮತ್ತೆ ತಿರುಗಿಸಿದೆ. ಏನೂ ಇಲ್ಲ. ಗಂಡ ಮೇಲೆ ಹೋಗಿ ಊಟಕ್ಕೆ ಕೂತವನು ಅರ್ಧ ಹೋಳಿಗೆಯಲ್ಲಿ ಹಣೆ ಬಡಿದುಕೊಂಡ. ಆಟೊಮ್ಯಾಟಿಕ್ ಕಾರಿನ ಕೋಲು ‘ಪಿ’ಯಲ್ಲಿ, ಅಂದರೆ ಪಾರ್ಕ್‌ನಲ್ಲಿ ಇದ್ದರೆ ತಾನೇ ಸ್ಟಾರ್ಟ್ ಆಗುವುದು? ನಮ್ಮ ಕಾರು ಇನ್ನೂ ಆ ‘ಪಿ’ಗಾಗಿ ಕಾಯುತ್ತಿದೆ. ಅದನ್ನು ತಿಳಿಸುವ ಸ್ವಿಚ್ಚು ಹಳೆಯ ಗೇರ್‌ಬಾಕ್ಸಿಗೇ ಅಂಟಿಕೊಂಡಿದೆ. ಬಿಚ್ಚಿ, ‘ಪಿ’ಗೆ ತಿರುಗಿಸಿ, ಕಾರಿನ ವೈರಿಗೆ ಸಿಕ್ಕಿಸಿ ಮೂಲೆಯಲ್ಲಿ ಕಟ್ಟಿದರಾಯಿತು, ಸದಾ ‘ಪಿ’ಯಲ್ಲೇ ಇದ್ದೇನೆಂದು ಕಾರು ನಂಬುತ್ತದೆ. ಅರ್ಧ ಗಂಟೆಯ ಕೆಲಸ.

ಕೈ ತೊಳೆದುಕೊಂಡು ಕೆಳಗೆ ಓಡಿದೆವು. ಓಡಿದವರು ಅಲ್ಲೇ ನಿಂತೆವು.

ಇಲ್ಲಿಯವರು ಆಯುಧಪೂಜೆ ಮಾಡುವುದು ದಸರೆಯ ದಿನ. ಮಾವನದು ಊರಿನ ಲೆಕ್ಕ, ಒಂದು ದಿನ ಮೊದಲೇ. ನಾವು ಉಣ್ಣುತ್ತಿದ್ದಾಗ ಅವರು ಒಂದೊಂದು ಪಾನಾವನ್ನೂ ತೊಳೆದು, ವಿಭೂತಿ ಎಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿದ್ದರು. ನಡುವೆ ಚೆಂಡುಹೂವಿನ ಹಾರ ಹಾಕಿಕೊಂಡು, ಕುಂಕುಮ ಹಚ್ಚಿಸಿಕೊಂಡು, ನಿಂಬೆಹಣ್ಣು ಹೊತ್ತು ಕೂತಿತ್ತು ನಮ್ಮ ಸತ್ತ ಗೇರ್‌ಬಾಕ್ಸು.

“ಅಪ್ಪಾ, ಅದರಾಗಿಂದು ಒಂದು ಸ್ವಿಚ್ ಬೇಕಾಗ್ಯದ,” ಎಂದ ಗಂಡ.

“ಪೂಜಿಗಿ ಇಟ್ಟಿದ್ದು ನಾಳಿ ಮುಂಜಾನಿ ತನಕ ಮುಟ್ಟಂಗಿಲ್ಲ. ಪಾಪ, ಇಷ್ಟು ವರ್ಷ ದುಡದದ, ಒಂದಿನ ಕೂಡ್ಲಿ.”

ಸಿಟ್ಟು ಬರಬೇಕಿತ್ತು. ನಗು ಉಕ್ಕಿಬಂದು ಕಂಬ ಹಿಡಿದುಕೊಂಡೆ. ನಗುವಿನ ಕೆಳಗೆ ಭಯವೂ ಇತ್ತು ನಿಜ. ಕ್ಲಚ್ಚಿನ ಪರೀಕ್ಷೆ ಇನ್ನೊಂದು ದಿನ ಮುಂದೆ ಹೋಯಿತಲ್ಲ ಎಂದು ಒಳಗೊಳಗೇ ಹಗುರವಾಯಿತು, ಹಗುರವಾದುದಕ್ಕೆ ನಾಚಿಕೆಯೂ ಆಯಿತು. ಸಂಜೆ ಸೋಫಾದ ಮೇಲೆ ಕೂತು ಗೋಡೆಗೆ ದಿಂಬು ಆನಿಸಿ ಎಡಗಾಲಲ್ಲಿ ಒತ್ತುತ್ತಿದ್ದೆ. ಮಾವ ನೋಡಿದರು.

“ಒತ್ತೂದು ಯಾರರೆ ಒತ್ತತಾರ. ಬಿಡೂದು ಕಲಿ. ಕೂಸಿಗಿ ನಿದ್ದಿ ಹತ್ತಿದ ಮ್ಯಾಲ ಅದರ ತಲಿ ಕೆಳಗಿನ ಕೈ ಹೆಂಗ ತಗೀತಿ, ಹಂಗ.”

ದಸರೆಯ ಬೆಳಗ್ಗೆ ಮಾವ ಆರತಿ ಎತ್ತಿ, ಗೇರ್‌ಬಾಕ್ಸಿಗೆ ಕೈ ಮುಗಿದು, “ಹೂಂ, ಬಿಚ್ಚು” ಎಂದರು. ಸ್ವಿಚ್ಚು ಕೂತಿತು. ಕೀಲಿ ತಿರುಗಿಸಿದೆ, ಎಂಜಿನ್ ಗುರ್ರೆಂದಿತು. ಮುಂದಿನ ಫಲಕದಲ್ಲಿ ‘ಪಿ’ ಎಂಬ ಅಕ್ಷರ ಜಂಬದಿಂದ ಹೊತ್ತಿಕೊಂಡಿತು. ನಮ್ಮ ಕಡೆಯ ಬನ್ನಿಯ ಹಾಗೆ ಬಂಗಾರವೆಂದು ಹಂಚಲು ಆಪಟ್ಯಾ ಎಲೆ ಹಿಡಿದು ಇಳಿದಿದ್ದ ನೆರೆಯವರೆಲ್ಲ ಸುತ್ತ ನಿಂತರು. ಮಾವ ನನ್ನ ಪಕ್ಕದ ಸೀಟಿನಲ್ಲಿ.

ಕ್ಲಚ್ ಒತ್ತಿದೆ. ಮೊಣಕಾಲು ನಡುಗಿತು, ಆದರೂ ತಳದವರೆಗೆ ಹೋಯಿತು. ಬಿಟ್ಟೆ, ಕಾರು ಕುಪ್ಪಳಿಸಿ ಸತ್ತಿತು. ಎರಡನೇ ಸಲವೂ ಅಷ್ಟೇ. “ಕೂಸು,” ಎಂದರು ಮಾವ, ಮುಂದೆ ನೋಡುತ್ತಲೇ. ಮೂರನೇ ಸಲ ಉಸಿರು ಹಿಡಿದು ನಿಧಾನಕ್ಕೆ ಕಾಲು ಎತ್ತಿದೆ. ಕಾರು ಮೆಲ್ಲಗೆ ಹೊರಟಿತು. ಗೇಟು ದಾಟಿತು. ಎರಡನೇ ಗೇರು, ಮೂರನೇ ಗೇರು, ತೋರಣ ಕಟ್ಟಿದ ಕಾರ್ಖಾನೆಗಳ ಮುಂದೆ ನಾವು ಹುಚ್ಚರ ಹಾಗೆ ನಗುತ್ತ ಸುತ್ತಿದೆವು. ಗಂಡ ಪಾನಾ ಹಿಡಿದು ಹಿಂದೆ ಓಡಿಬರುತ್ತಿದ್ದ. ನನಗೆ ಅಳುವೂ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮುಂದಿನ ರವಿವಾರ ಮಾಜಿವಾಡಾಕ್ಕೆ ಒಬ್ಬಳೇ ಹೋದೆ. ಟ್ರಾಫಿಕ್ಕಿನಲ್ಲಿ ಎಷ್ಟು ಸಲ ಕ್ಲಚ್ ಒತ್ತಿದೆನೋ ಲೆಕ್ಕವಿಲ್ಲ. ಅವನಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಗಟ್ಟಿಯಾಗಿಯೇ ಬಾಯಿಪಾಠ ಮಾಡಿದ್ದೆ. ಗ್ಯಾರೇಜಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸದೆ, ಟಯರಿಗೆ ಗಾಳಿ ಹಾಕು ಎಂದೆ. ಪೈಪು ಹಿಡಿದು ಬಂದವನಿಗೆ ನನ್ನ ಗುರುತು ಹತ್ತಿತು. ಕಿಟಕಿಯಿಂದ ಬಗ್ಗಿ ಮೂರು ಪೆಡಲು ನೋಡಿದ, ಗೇರಿನ ಕೋಲು ನೋಡಿದ, ಹೊತ್ತಿಕೊಂಡಿದ್ದ ‘ಪಿ’ ನೋಡಿದ.

“ಮೇಡಂ, ಗಾಡಿ ತೋ ಪಾರ್ಕ್ ಮೇ ಹೈ.”

ಗಾಡಿ ಪಾರ್ಕ್‌ನಲ್ಲಿದೆಯಂತೆ! ಬಾಯಿಪಾಠವೆಲ್ಲ ಮರೆತುಹೋಯಿತು. ಕ್ಲಚ್ಚನ್ನು ತಳದವರೆಗೆ ಒತ್ತಿ, ಮೊದಲನೇ ಗೇರಿಗೆ ಹಾಕಿ, ಕೂಸು ಏಳದಂತೆ ಎಡಗಾಲು ಎತ್ತಿದೆ. ಕನ್ನಡಿಯಲ್ಲಿ ಅವನು ಗಾಳಿಯ ಪೈಪು ಹಿಡಿದುಕೊಂಡು ನಿಂತೇ ಇದ್ದ.