ಫೋನಿನಲ್ಲಿ ಹಸುವಿನ ಉಸಿರು

ದೋಹಾದಲ್ಲಿ ಇನ್ನೂ ಚರ್ಚ್ ಕಟ್ಟಿರದ ದಿನಗಳವು. ಅಲ್ಲಿನ ಸರಕಾರಿ ಪಶು ತಪಾಸಣಾ ಕಚೇರಿಯಲ್ಲಿ ನಾನು ಗುಮಾಸ್ತ. ನಮ್ಮ ಡಾಕ್ಟರು ನೈಜೀರಿಯಾದವರು. ಹಡಗಿನಿಂದ ಕುರಿ ಇಳಿಸುವ ವ್ಯಾಪಾರಿಗಳು "ಮಾಫಿ ಮುಶ್ಕಿಲ್ ಡಾಕ್ಟರ್, ಏನೂ ತೊಂದರೆಯಿಲ್ಲ, ಎಲ್ಲ ಚೆನ್ನಾಗಿ ತಿನ್ನುತ್ತಿವೆ, ಯಲ್ಲಾ" ಎಂದು ಅವಸರಪಡಿಸಿದರೆ, ಅವರು ಕೈಯೆತ್ತಿ ಸುಮ್ಮನಿರಿಸಿ ಕುರಿಯ ಪಕ್ಕೆಗೆ ಕಿವಿಯಿಡುತ್ತಿದ್ದರು. ಬಾಯಿಮಾತನ್ನು ಅವರು ಎಂದೂ ನಂಬಿದವರಲ್ಲ.

ರಜೆ ಶುಕ್ರವಾರವಾದ್ದರಿಂದ ನಮ್ಮ ಕ್ರೈಸ್ತರ ವಾರದ ಬಲಿಪೂಜೆಯೂ ಶುಕ್ರವಾರವೇ, ಯಾವುದೋ ಶಾಲೆಯ ಸಭಾಂಗಣದಲ್ಲಿ. ಅದು ಮುಗಿದ ಮೇಲೆ ಡಾಕ್ಟರು ನನ್ನ ಕಾರಿನಲ್ಲಿ ಕೂತು ತಮ್ಮ ಊರಿಗೆ ಫೋನು ಮಾಡುತ್ತಿದ್ದರು. ಅಲ್ಲಿ ಅವರಿಗೆ ಹೊಲವಿತ್ತು, ನಾಲ್ಕಾರು ಹಸುಗಳಿದ್ದವು. ಅವರ ಹೆಂಡತಿ ಒಂದೊಂದೇ ಹಸುವಿನ ಮೂಗಿಗೆ ಫೋನು ಹಿಡಿಯಬೇಕು. ಇವರು ಕಣ್ಣುಮುಚ್ಚಿ ಕೇಳಿ, "ಕೆಂಪು ಹಸುವಿಗೆ ಶೀತ" ಎಂದು ಔಷಧಿ ಹೇಳುತ್ತಿದ್ದರು. ಸದ್ದಾಗಬಾರದೆಂದು ಕಾರಿನ ಏಸಿಯೂ ಬಂದ್. ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಾನು ಆ ಹಸುಗಳನ್ನು ಮನಸ್ಸಿನಲ್ಲೇ ಬೈದದ್ದುಂಟು.

ಅವರು ನಿವೃತ್ತರಾಗಿ ಹೊಲಕ್ಕೆ ಮರಳಿದ ಮೇಲೆ ಒಮ್ಮೆ ನನಗೆ ಕೆಟ್ಟ ಕೆಮ್ಮು ಹಿಡಿಯಿತು. ದೋಹಾದ ಬಿನ್ ಮಹಮೂದ್ ಬಡಾವಣೆಯ ನನ್ನ ಕೋಣೆಯಲ್ಲಿ ಒಬ್ಬನೇ ಮಲಗಿದ್ದೆ. ಊರಿನಿಂದ ಯಾರು ಫೋನು ಮಾಡಿದರೂ "ಎಂತದೂ ಇಲ್ಲ, ಹುಷಾರಿದ್ದೇನೆ" ಎನ್ನುತ್ತಿದ್ದೆ. ಎಲ್ಲರೂ ನಂಬಿದರು.

ಆ ಶುಕ್ರವಾರ ಡಾಕ್ಟರ ಫೋನು ಬಂತು. ಅವರಿಗೂ ಅದನ್ನೇ ಹೇಳಿದೆ. ಅವರು ಆ ಕಡೆ ಯಾರನ್ನೋ ಸುಮ್ಮನಿರಿಸಿದ್ದು ಕೇಳಿಸಿತು.

"ಮಾತು ಸಾಕು," ಎಂದರು. "ಫೋನು ಮೂಗಿನ ಹತ್ತಿರ ಹಿಡಿ."

ನಾನು ಎದ್ದು ಏಸಿ ಬಂದ್ ಮಾಡಿದೆ.